ಹೊಲಿದವಳ ಹೆಸರು ಎಲ್ಲಿ? 19ನೇ ಶತಮಾನದ ಅಮೆರಿಕದ ಯಹೂದಿ ಹೆಂಗಸರು ಬಿಟ್ಟುಹೋದ ವಸ್ತುಗಳು

ಡೆಲವೇರ್ ದಡದಾಕೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ಬಿಡುವಾದಾಗ ಓದಿ.

ನಾನಿರುವುದು ಫಿಲಡೆಲ್ಫಿಯಾದಲ್ಲಿ. ಹೋದ ವಾರ ಡೆಲಾನ್ಸಿ ಪ್ಲೇಸ್ ಬೀದಿಯ ರೋಸೆನ್‌ಬಾಕ್ ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿ ರೆಬೆಕಾ ಗ್ರಾಟ್ಜ್ ಎಂಬ ಯಹೂದಿ ಹೆಣ್ಣುಮಗಳ ಭಾವಚಿತ್ರ ಇದೆ. ಥಾಮಸ್ ಸಲ್ಲಿ ಅಂತ ಆ ಕಾಲದ ಹೆಸರಾಂತ ಕಲಾವಿದ ಬರೆದದ್ದು. ಗ್ರಾಟ್ಜ್ ಹುಟ್ಟಿದ್ದು 1781ರಲ್ಲಿ, ತೀರಿಕೊಂಡದ್ದು 1869ರಲ್ಲಿ. ಮದುವೆ ಆಗಲಿಲ್ಲ. ತಂಗಿ ರೇಚಲ್ 1823ರಲ್ಲಿ ತೀರಿಕೊಂಡಾಗ ಅವಳ ಮಕ್ಕಳನ್ನು ತಾವೇ ಸಾಕಿದರು. ಅನುಕೂಲಸ್ಥ ವ್ಯಾಪಾರಿ ಮನೆತನ. ಹಾಗಾಗಿ ಅವರ ಚಿತ್ರಗಳೂ ಉಳಿದಿವೆ, ಪತ್ರಗಳೂ ಉಳಿದಿವೆ.

ಆದರೆ ಮನೆಗೆ ಬಂದ ಮೇಲೂ ನನ್ನ ತಲೆಯಲ್ಲಿ ಸುತ್ತುತ್ತಿದ್ದದ್ದು ಆ ಚಿತ್ರ ಅಲ್ಲ. ಕೆಲವು ತಿಂಗಳ ಹಿಂದೆ ಬೇರೊಂದು ಕಡೆ ನೋಡಿದ್ದ ಬಟ್ಟೆಯ ಪಟ್ಟಿ. ಅದಕ್ಕೆ ವಿಂಪೆಲ್ ಅನ್ನುತ್ತಾರೆ.

ಜರ್ಮನಿಯ ಯಹೂದಿಗಳಲ್ಲಿ ಒಂದು ಪದ್ಧತಿ ಇತ್ತು. ಗಂಡು ಮಗು ಹುಟ್ಟಿದ ಎಂಟನೇ ದಿನ ಸುನ್ನತಿ. ಅವತ್ತು ಮಗುವಿಗೆ ಸುತ್ತಿದ ಲಿನನ್ ಬಟ್ಟೆಯನ್ನು ಎತ್ತಿಡುತ್ತಾರೆ. ಅದನ್ನು ಒಗೆದು, ನಾಲ್ಕು ಪಟ್ಟಿ ಕತ್ತರಿಸಿ, ತುದಿಗೆ ತುದಿ ಸೇರಿಸಿ ಹೊಲಿದರೆ ಸುಮಾರು ಮೂರು ಮೀಟರ್ ಉದ್ದದ ಒಂದೇ ಪಟ್ಟಿ ಆಗುತ್ತದೆ. ಅದರ ಮೇಲೆ ಹೀಬ್ರೂ ಅಕ್ಷರಗಳಲ್ಲಿ ಕಸೂತಿ ಹಾಕುತ್ತಾರೆ. ಮಗುವಿನ ಹೆಸರು, ಹುಟ್ಟಿದ ದಿನ, ಜೊತೆಗೆ ಒಂದು ಹಾರೈಕೆ: ತೋರಾಕ್ಕೆ (ಯಹೂದಿಗಳ ಧರ್ಮಗ್ರಂಥ), ಮದುವೆ ಚಪ್ಪರಕ್ಕೆ, ಒಳ್ಳೆಯ ಕೆಲಸಗಳಿಗೆ ಈ ಮಗು ಬೆಳೆಯಲಿ. ಅಕ್ಷರಗಳ ನಡುವೆ ಹಕ್ಕಿ, ಹೂವು, ಹುಟ್ಟಿದ ತಿಂಗಳ ರಾಶಿ ಚಿಹ್ನೆ. ಮಗು ಸ್ವಲ್ಪ ದೊಡ್ಡದಾಗಿ ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ಬಂದಾಗ ತೋರಾ ಸುರುಳಿಗೆ ಸುತ್ತಲು ಆ ಪಟ್ಟಿಯನ್ನು ಕೊಡುತ್ತಾರೆ. ವಲಸೆ ಬಂದವರು ಈ ಪದ್ಧತಿಯನ್ನು ಅಮೆರಿಕಕ್ಕೂ ತಂದರು.

ನಾನು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದೆ. ಮಗುವಿನ ಹೆಸರು ಇದೆ. ಇಂಥವನ ಮಗ ಅಂತ ಅಪ್ಪನ ಹೆಸರು ಇದೆ. ಅಮ್ಮನ ಹೆಸರು ಇಲ್ಲ. ಹೊತ್ತು ಹೆತ್ತವಳು ಅವಳು. ಬಹಳಷ್ಟು ಸಲ ಹೊಲಿದವಳೂ ಅವಳೇ, ಇಲ್ಲವೇ ಅಜ್ಜಿ. ಇನ್ನು ಹೆಣ್ಣು ಮಗು ಹುಟ್ಟಿದರೆ ಆ ಕಾಲದಲ್ಲಿ ಪಟ್ಟಿಯೇ ಇಲ್ಲ.

ನನ್ನ ಪ್ರಶ್ನೆ ಇಷ್ಟು. ಆ ಕಾಲದ ಹೆಂಗಸರ ಬದುಕನ್ನು ಉಳಿದ ವಸ್ತುಗಳಿಂದ ತಿಳಿಯುವುದು ಹೇಗೆ? ಚಿತ್ರ ಬರೆಸಿಕೊಳ್ಳುವಷ್ಟು ದುಡ್ಡಿದ್ದವರು ಸಿಗುತ್ತಾರೆ. ಉಳಿದವರು?

ಇತಿಹಾಸದ ಮೇಷ್ಟ್ರು

ಒಳ್ಳೆ ವಿಷಯ ಎತ್ತಿದ್ದೀಯಮ್ಮ. ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ.

1820ರ ಸುಮಾರಿಗೆ ಇಡೀ ಅಮೆರಿಕದಲ್ಲಿ ಇದ್ದ ಯಹೂದಿಗಳು ಸುಮಾರು 3,000 ಜನ ಮಾತ್ರ. ನಮ್ಮಲ್ಲಿ ಒಂದು ದೊಡ್ಡ ಹಳ್ಳಿಯಷ್ಟು. ಆಮೇಲೆ ಜರ್ಮನ್ ಮಾತಾಡುವ ಪ್ರದೇಶಗಳಿಂದ ವಲಸೆ ಜೋರಾಯಿತು. 1880ರ ಹೊತ್ತಿಗೆ ಸುಮಾರು 2.5 ಲಕ್ಷ. 1881ರಿಂದ ರಷ್ಯಾದಲ್ಲಿ ಯಹೂದಿಗಳ ಮೇಲೆ ದಾಳಿಗಳು ಶುರುವಾದವು. ಅದರ ಜೊತೆ ಬಡತನವೂ ಸೇರಿ ಪೂರ್ವ ಯುರೋಪಿನಿಂದ ಜನ ಹೊರಟರು. 1900ಕ್ಕೆ ಲೆಕ್ಕ 10 ಲಕ್ಷ ಮುಟ್ಟಿತು.

ಹಾಗಾಗಿ ಶತಮಾನದ ಮೊದಲ ಭಾಗದ ವಸ್ತುಗಳು ಎಂದರೆ ಬಹುಪಾಲು ಕೆಲವೇ ಹಳೆಯ ಮನೆತನಗಳ ವಸ್ತುಗಳು. ಫಿಲಡೆಲ್ಫಿಯಾ, ನ್ಯೂಯಾರ್ಕ್, ಚಾರ್ಲ್ಸ್‌ಟನ್, ರಿಚ್ಮಂಡ್. ಬೆಳ್ಳಿ ಪಾತ್ರೆ, ಚಿಕ್ಕ ಭಾವಚಿತ್ರ, ಪತ್ರಗಳ ಕಟ್ಟು. ಕೊನೆಯ ಇಪ್ಪತ್ತು ವರ್ಷದ ವಸ್ತುಗಳಲ್ಲಿ ಹಿತ್ತಾಳೆ, ತಾಮ್ರ, ಹೊಲಿಗೆ ಮಷೀನು ಜಾಸ್ತಿ. ಯಾವ ಲೋಹ ಅಂತ ನೋಡಿದರೇ ಎಷ್ಟೋ ಗೊತ್ತಾಗುತ್ತದೆ.

ಗ್ರಾಟ್ಜ್ ಬಗ್ಗೆ ಒಂದು ಮಾತು. ಅವರನ್ನು ಸುಮ್ನೆ ಚಂದದ ಚಿತ್ರ ಅಂತ ನೋಡಬಾರದು. 1819ರಲ್ಲಿ ಅವರು ಮತ್ತು ಅವರ ಸಿನಗಾಗ್‌ನ ಹೆಂಗಸರು ಸೇರಿ ಬಡ ಯಹೂದಿ ಹೆಂಗಸರಿಗಾಗಿ ಒಂದು ನೆರವಿನ ಸಂಘ ಕಟ್ಟಿದರು. ಸಿನಗಾಗ್‌ನ ಆಡಳಿತದ ಕೈಕೆಳಗೆ ಇಲ್ಲದೆ ನಡೆದ ಅಮೆರಿಕದ ಮೊದಲ ಯಹೂದಿ ಧರ್ಮಾರ್ಥ ಸಂಘ ಅದು. 1838ರಲ್ಲಿ ಭಾನುವಾರದ ಹೀಬ್ರೂ ಶಾಲೆ. 1855ರಲ್ಲಿ ಅನಾಥ ಮಕ್ಕಳಿಗೆ ಆಶ್ರಯ. ಕೊನೆಯದು ಶುರುವಾದಾಗ ಅವರಿಗೆ ಎಪ್ಪತ್ತು ದಾಟಿತ್ತು.

ಸೂಜಿದಾರ

ವಿಂಪೆಲ್ ಬಗ್ಗೆ ಓದಿ ಖುಷಿಯಾಯಿತು ಅಕ್ಕಾ. ನಾನು ಧಾರವಾಡದವಳು, ಕಸೂತಿ ಹಾಕುವುದೇ ನನ್ನ ಕೆಲಸ. ಬಟ್ಟೆಯನ್ನು ನೋಡುವವರು ಮುಂಭಾಗ ನೋಡಿ ಹೊರಟುಬಿಡುತ್ತಾರೆ. ಹಿಂಭಾಗ ನೋಡಬೇಕು. ಗಂಟು ಎಲ್ಲಿ ಬಿದ್ದಿದೆ, ದಾರ ಎಷ್ಟು ದೂರ ಎಳೆದುಕೊಂಡು ಹೋಗಿದ್ದಾಳೆ, ಎಲ್ಲಿ ಬಣ್ಣದ ದಾರ ಮುಗಿದು ಬೇರೆ ಛಾಯೆ ಹಾಕಿದ್ದಾಳೆ. ದಾರ ಉಳಿಸಿ ಹೊಲಿದವಳ ಕೈಯೇ ಬೇರೆ, ಧಾರಾಳವಾಗಿ ಹೊಲಿದವಳ ಕೈಯೇ ಬೇರೆ. ವಿಂಪೆಲ್‌ಗಳಲ್ಲಿ ಅಕ್ಷರದ ಗೆರೆಯನ್ನು ಒಬ್ಬರು ಹಾಕಿಕೊಟ್ಟು, ಹೊಲಿಗೆಯನ್ನು ಇನ್ನೊಬ್ಬರು ಹಾಕುವುದೂ ಇತ್ತಂತೆ. ಗೆರೆಯಿಂದ ಸೂಜಿ ತಪ್ಪಿದ ಜಾಗದಲ್ಲಿ ಇಬ್ಬರು ಮನುಷ್ಯರು ಕಾಣುತ್ತಾರೆ. ನನಗೆ ಅಂಥ ಜಾಗ ಅಂದರೆ ಪ್ರಾಣ.

ಹೆಸರು ಉಳಿದ ಹೊಲಿಗೆಯೂ ಇದೆ. ನ್ಯೂಯಾರ್ಕಿನ ಅಮೆರಿಕನ್ ಫೋಕ್ ಆರ್ಟ್ ಮ್ಯೂಸಿಯಂನಲ್ಲಿ ಒಂದು ದೊಡ್ಡ ಕೌದಿ ಇದೆ. ಪೆನ್ಸಿಲ್ವೇನಿಯಾದ ಮೆಕೀಸ್‌ಪೋರ್ಟ್‌ನಲ್ಲಿ 1891–92ರಲ್ಲಿ ಆದದ್ದು. ಲೀಬೆ ಗ್ರಾಸ್ ಫ್ರೀಡ್‌ಮನ್ ಮತ್ತು ಮಗಳು ಕೇಟಿ ಫ್ರೀಡ್‌ಮನ್ ರೈಟರ್ ಮಾಡಿದ್ದು. ಮಾದರಿ ಬಾಲ್ಟಿಮೋರ್ ಕಡೆಯದು, ಅಲ್ಲಿ 1840ರ ದಶಕದಲ್ಲಿ ತುಂಬ ನಡೆಯುತ್ತಿತ್ತು. ಒಂದೊಂದು ಚೌಕಕ್ಕೂ ಒಂದೊಂದು ಚಿತ್ರ ಕತ್ತರಿಸಿ ಮೇಲೆ ಕೂರಿಸಿ ಹೊಲಿಯುವುದು. ಹೊಸ ದೇಶಕ್ಕೆ ಬಂದ ಯಹೂದಿ ಮನೆತನದ ಅಮ್ಮ ಮಗಳು ಆ ದೇಶದ ಹಳೆಯ ಮಾದರಿಯನ್ನೇ ಕಲಿತು ಹೊಲಿದಿದ್ದಾರೆ ನೋಡಿ.

ಮ್ಯೂಸಿಯಂಗೆ ಅದನ್ನು ಕೊಟ್ಟದ್ದು ಕೇಟಿಯ ಮರಿಮೊಮ್ಮಗಳು. ತನ್ನ ಅಜ್ಜಿಯ ಗೌರವಕ್ಕೆ, ಹೊಲಿದ ಆ ಇಬ್ಬರ ಗೌರವಕ್ಕೆ ಅಂತ ಬರೆಸಿ ಕೊಟ್ಟಿದ್ದಾಳೆ. ಹೆಂಗಸರ ಸಾಲಿನಲ್ಲೇ ನೆನಪು ಇಳಿದು ಬಂತು, ಅದಕ್ಕೇ ಹೆಸರು ಉಳಿಯಿತು.

ಡೆಲವೇರ್ ದಡದಾಕೆ

ಸೂಜಿದಾರ, ನಿಮ್ಮ ಮಾತು ಓದಿದ ಮೇಲೆ ಇನ್ನೊಂದು ಸಲ ಆ ಪಟ್ಟಿ ನೋಡಬೇಕು ಅನ್ನಿಸಿದೆ. ಹಿಂಭಾಗ ತೋರಿಸುತ್ತಾರಾ ಅಂತ ಕೇಳುತ್ತೇನೆ.

ಮೇಷ್ಟ್ರೇ, ನೀವು ಹೇಳಿದ ಭಾನುವಾರದ ಶಾಲೆಯ ಬಗ್ಗೆ ನನಗೆ ತುಂಬಾ ಇಷ್ಟವಾದ ಒಂದು ವಿವರ ಇದೆ. ಆ ಶಾಲೆ ಶುರುವಾದಾಗ ಯಹೂದಿ ಮಕ್ಕಳಿಗೆ ಇಂಗ್ಲಿಷ್‌ನಲ್ಲಿ ತಕ್ಕ ಪಾಠಪುಸ್ತಕಗಳು ಸಿಗುವುದೇ ಕಷ್ಟವಿತ್ತು. ಕ್ರೈಸ್ತರ ಭಾನುವಾರದ ಶಾಲೆಗಳಿಗೆ ಅಂತ ಅಚ್ಚು ಹಾಕಿಸಿದ ಚಿತ್ರಗಳ ಪುಸ್ತಕ ಇತ್ತು. ಬೈಬಲಿನ ಕಥೆಗಳು ಪ್ರಶ್ನೋತ್ತರದ ರೂಪದಲ್ಲಿ. ಅದನ್ನೇ ತಂದರು. ಯಹೂದಿ ಮಕ್ಕಳಿಗೆ ಒಗ್ಗದ ಉತ್ತರಗಳು ಎಲ್ಲೆಲ್ಲಿ ಇವೆಯೋ ಅಲ್ಲಲ್ಲಿ ಕಾಗದದ ಚೂರು ಅಂಟಿಸಿದರು! ಗ್ರಾಟ್ಜ್ ಅವರ ಮೊಮ್ಮಗಳ ವರಸೆಯ ರೋಸಾ ಮೊರ್ದೆಕೈ ಇದನ್ನು ತನ್ನ ನೆನಪುಗಳಲ್ಲಿ ಬರೆದಿದ್ದಾಳೆ. ಬೇಸಿಗೆಯ ಉದ್ದುದ್ದ ದಿನಗಳಲ್ಲಿ ಕೂತು ಕಾಗದ ಅಂಟಿಸಿದವರಲ್ಲಿ ಅವಳೂ ಒಬ್ಬಳು. ಮಕ್ಕಳು ಬಿಡುತ್ತಾರಾ? ಕೆಳಗೆ ಏನಿದೆ ಅಂತ ಬಗ್ಗಿ, ಬೆಳಕಿಗೆ ಹಿಡಿದು ಇಣುಕುತ್ತಿದ್ದರಂತೆ.

ಯೋಚನೆ ಮಾಡಿ. ಪುಸ್ತಕ ಬರೆಯುವ ಹಕ್ಕು, ಅಚ್ಚು ಹಾಕಿಸುವ ಬಲ ಎಲ್ಲ ಬೇರೆಯವರ ಕೈಯಲ್ಲಿತ್ತು. ಈ ಹೆಂಗಸರ ಕೈಯಲ್ಲಿ ಇದ್ದದ್ದು ಕತ್ತರಿ, ಕಾಗದ, ಅಂಟು. ಅಷ್ಟರಲ್ಲೇ ತಮ್ಮ ಮಕ್ಕಳಿಗೆ ಬೇಕಾದ ಪುಸ್ತಕ ಮಾಡಿಕೊಂಡರು. ಶಾಲೆ ಶುರುವಾದ ಮುಂದಿನ ವರ್ಷವೇ, 1839ರಲ್ಲಿ, ಅವರ ಸಿನಗಾಗ್‌ನ ಐಸಾಕ್ ಲೀಸರ್ ಪುಟ್ಟ ಮಕ್ಕಳಿಗಾಗಿ ಒಂದು ಪ್ರಶ್ನೋತ್ತರ ಪುಸ್ತಕ ಬರೆದರು. ಹೆಂಗಸರು ಶಾಲೆ ಕಟ್ಟಿದ ಮೇಲೆ ಆ ಪುಸ್ತಕ ಬಂತು ಅನ್ನುವುದನ್ನು ನಾನು ಒತ್ತಿ ಹೇಳುತ್ತೇನೆ. ಶಾಲೆಗೆ ಶುಲ್ಕ ಇರಲಿಲ್ಲ. ಹುಡುಗರು ಹುಡುಗಿಯರು ಒಟ್ಟಿಗೆ ಕೂರುತ್ತಿದ್ದರು. ಪಾಠ ಹೇಳುವವರೆಲ್ಲ ಹೆಂಗಸರೇ.

ನೇರಮಾತು

ಎಲ್ಲ ಸರಿ. ಆದರೆ ಒಂದು ವಿಷಯ ಯಾರೂ ಎತ್ತಲಿಲ್ಲ. ಮೇಷ್ಟ್ರು ಚಾರ್ಲ್ಸ್‌ಟನ್, ರಿಚ್ಮಂಡ್ ಅಂದರು. ದಕ್ಷಿಣದ ಆ ಮನೆಗಳ ಬೆಳ್ಳಿ ಪಾತ್ರೆ ತಿಕ್ಕಿದ್ದು ಯಾರು? ಆ ಮೇಜುಬಟ್ಟೆ ಒಗೆದದ್ದು ಯಾರು? ಅಲ್ಲಿನ ಯಹೂದಿ ಮನೆತನಗಳಲ್ಲಿ ಅನೇಕರು ಗುಲಾಮರನ್ನು ಇಟ್ಟುಕೊಂಡಿದ್ದರು. ಸಬ್ಬತ್ (ಯಹೂದಿಗಳ ವಾರದ ವಿಶ್ರಾಂತಿ ದಿನ) ದಿನದ ಬೆಳ್ಳಿ ಲೋಟ ಅಂತ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಾಗ ನಮಗೆ ಮನೆಯೊಡತಿ ಮಾತ್ರ ಕಾಣುತ್ತಾಳೆ. ಹೊಲಿದವಳ ಹೆಸರು ಇಲ್ಲ ಅಂತ ಬೇಜಾರು ಮಾಡಿಕೊಳ್ಳುವ ನಾವು ಈ ಕಪ್ಪು ಹೆಂಗಸರ ಹೆಸರು ಇಲ್ಲ ಅನ್ನುವುದಕ್ಕೆ ಇನ್ನೂ ಜಾಸ್ತಿ ಬೇಜಾರು ಮಾಡಿಕೊಳ್ಳಬೇಕು, ಅಲ್ವಾ?

ಇದನ್ನು ಜಗಳಕ್ಕೆ ಹೇಳುತ್ತಿಲ್ಲ. ವಸ್ತುಗಳನ್ನು ಓದುವುದು ಅಂದರೆ ಅದೂ ಸೇರಬೇಕು ಅನ್ನುವುದು ನನ್ನ ಮಾತು.

ಇತಿಹಾಸದ ಮೇಷ್ಟ್ರು

ನೇರಮಾತು ಅವರೇ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಒಂದು ಉದಾಹರಣೆ ಕೊಡುತ್ತೇನೆ, ಎರಡೂ ಮುಖ ಇರುವಂಥದು.

ನಾರ್ತ್ ಕರೋಲಿನಾದ ವಾರೆಂಟನ್ ಎಂಬ ಸಣ್ಣ ಊರು. ಜೇಕಬ್ ಮೊರ್ದೆಕೈ ಎಂಬುವರು ಅಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದರು. ಮಗಳು ರೇಚಲ್ ಅಲ್ಲೇ ಪಾಠ ಹೇಳುತ್ತಿದ್ದಳು. 1815ರಲ್ಲಿ ಅವಳು ಐರ್ಲೆಂಡಿನ ಹೆಸರಾಂತ ಲೇಖಕಿ ಮರಿಯಾ ಎಜ್‌ವರ್ತ್‌ಗೆ ಪತ್ರ ಬರೆದಳು. ನಿಮ್ಮ ಕಾದಂಬರಿಯಲ್ಲಿ ಯಹೂದಿಯನ್ನು ಕೆಟ್ಟವನಾಗಿ ತೋರಿಸಿದ್ದೀರಿ, ಇಂಥ ಉದಾರ ಮನಸ್ಸಿನವರು ಹೀಗೆ ಮಾಡಬಹುದೇ ಅಂತ. ಆ ಖಳನ ಹೆಸರೂ ಇವಳ ಮನೆತನದ್ದೇ! ಎಜ್‌ವರ್ತ್ ತಪ್ಪು ಒಪ್ಪಿಕೊಂಡರು. 1817ರಲ್ಲಿ ಯಹೂದಿಗಳನ್ನು ಒಳ್ಳೆಯ ಬೆಳಕಿನಲ್ಲಿ ತೋರಿಸುವ ಇನ್ನೊಂದು ಕಾದಂಬರಿ ಬರೆದರು. 1838ರಲ್ಲಿ ರೇಚಲ್ ತೀರಿಕೊಳ್ಳುವ ತನಕ ಅವರ ಪತ್ರವ್ಯವಹಾರ ನಡೆಯಿತು. ಆ ಪತ್ರಗಳು ಇವತ್ತು ನಮ್ಮ ಮುಂದಿವೆ. ಹಳ್ಳಿಗಾಡಿನ ಒಬ್ಬ ಟೀಚರಮ್ಮ ಸಮುದ್ರದಾಚೆಯ ದೊಡ್ಡ ಲೇಖಕಿಯ ಮನಸ್ಸು ಬದಲಿಸಿದಳು. ಅದೇ ಮನೆತನ ಗುಲಾಮರನ್ನೂ ಇಟ್ಟುಕೊಂಡಿತ್ತು. ತಮಗೆ ಆಗುವ ಅನ್ಯಾಯಕ್ಕೆ ಪತ್ರ ಬರೆದ ಕೈ ಮನೆಯೊಳಗಿನ ಅನ್ಯಾಯದ ಮೇಲೇ ನಿಂತಿತ್ತು. ಎರಡನ್ನೂ ಒಟ್ಟಿಗೇ ಓದಬೇಕು.

ಒಗ್ಗರಣೆ

ಅಡುಗೆಮನೆಗೆ ಯಾರೂ ಬರಲಿಲ್ಲವಲ್ಲ, ನಾನೇ ಬಂದೆ.

ಅಮೆರಿಕದಲ್ಲಿ ಅಚ್ಚಾದ ಮೊದಲ ಯಹೂದಿ ಅಡುಗೆ ಪುಸ್ತಕ ಬಂದದ್ದು 1871ರಲ್ಲಿ, ಅದೂ ಫಿಲಡೆಲ್ಫಿಯಾದಲ್ಲಿ. ಬರೆದಾಕೆ ಎಸ್ತರ್ ಲೆವಿ. ಪುಸ್ತಕದಲ್ಲಿ ಅಡುಗೆ ಮಾತ್ರ ಇಲ್ಲ. ಯಹೂದಿ ಪಂಚಾಂಗ ಇದೆ, ಮನೆ ಮದ್ದು ಇದೆ, ಯಾವ ಹಬ್ಬಕ್ಕೆ ಮನೆ ಹೇಗೆ ಸಿದ್ಧ ಮಾಡಬೇಕು ಅಂತ ಇದೆ. ನನಗೆ ಇದು ಯಾಕೆ ಮುಖ್ಯ ಅನ್ನಿಸುತ್ತದೆ ಹೇಳುತ್ತೇನೆ. ಅಮ್ಮನ ಪಕ್ಕ ನಿಂತು ಅಡುಗೆ ಕಲಿತವಳಿಗೆ ಪುಸ್ತಕ ಬೇಡ. ಅಮ್ಮ ಸಮುದ್ರದ ಆಚೆ ಉಳಿದುಬಿಟ್ಟಾಗ ಪುಸ್ತಕ ಬೇಕಾಗುತ್ತದೆ.

ಮಾಂಸವನ್ನು ಕೋಷರ್ ಮಾಡುವುದನ್ನೇ, ಅಂದರೆ ಯಹೂದಿ ನಿಯಮದ ಪ್ರಕಾರ ತಿನ್ನಲು ಯೋಗ್ಯ ಮಾಡುವುದನ್ನೇ ನೋಡಿ. ಅಂಗಡಿಯಿಂದ ತಂದ ಮಾಂಸವನ್ನು ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಹಾಕಬೇಕು. ಆಮೇಲೆ ಓರೆಯಾಗಿ ಇಟ್ಟ ಹಲಗೆಯ ಮೇಲೆ ಇಟ್ಟು, ಎಲ್ಲ ಕಡೆ ಉಪ್ಪು ಸವರಿ, ಒಂದು ಗಂಟೆ ಬಿಡಬೇಕು. ರಕ್ತ ಇಳಿದು ಹೋಗಬೇಕು. ಆಮೇಲೆ ಚೆನ್ನಾಗಿ ತೊಳೆಯಬೇಕು. ಮಾಂಸದ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ. ಪಾಸೋವರ್ ಹಬ್ಬಕ್ಕೆ ಮತ್ತೆ ಎರಡು ಜೊತೆ ಬೇರೆ. ನಲ್ಲಿ ಇಲ್ಲದ ಮನೆಯಲ್ಲಿ ಇದನ್ನೆಲ್ಲ ಮಾಡಲು ಎಷ್ಟು ಬಿಂದಿಗೆ ನೀರು ಬೇಕು? ಧರ್ಮದ ನಿಯಮ ಅಂತ ಎರಡು ಸಾಲಿನಲ್ಲಿ ಬರೆದುಬಿಡುತ್ತಾರೆ. ಅದನ್ನು ದಿನಾ ಬೆನ್ನು ಬಗ್ಗಿಸಿ ನಡೆಸಿದ್ದು ಹೆಂಗಸರು.

ಎಲ್ಲರೂ ಹಾಗೇ ಉಳಿಯಲಿಲ್ಲ. 1889ರಲ್ಲಿ ಬರ್ತಾ ಕ್ರೇಮರ್ ಎಂಬಾಕೆ 'ಆಂಟ್ ಬ್ಯಾಬೆಟ್' ಎಂಬ ಹೆಸರಿನಲ್ಲಿ ಇನ್ನೊಂದು ಅಡುಗೆ ಪುಸ್ತಕ ತಂದರು. ಅದರಲ್ಲಿ ಪಾಸೋವರ್ ಅಡುಗೆಯೂ ಇದೆ, ಯಹೂದಿ ನಿಯಮ ಬೇಡ ಅನ್ನುವ ಚಿಪ್ಪುಮೀನಿನ ಅಡುಗೆಯೂ ಇದೆ. ಒಂದೇ ಪುಸ್ತಕ, ಒಂದೇ ಅಡುಗೆಮನೆ. ನನ್ನ ಪ್ರಕಾರ ಅಮೆರಿಕದ ಯಹೂದಿ ಮನೆಗಳಲ್ಲಿ ಆಗುತ್ತಿದ್ದ ಬದಲಾವಣೆ ರಬ್ಬಿಗಳ (ಯಹೂದಿ ಧರ್ಮಗುರುಗಳ) ಭಾಷಣಗಳಿಗಿಂತ ಈ ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟರೆ ಚೆನ್ನಾಗಿ ಕಾಣುತ್ತದೆ.

ಸೂಜಿದಾರ

ಒಗ್ಗರಣೆ ಅಕ್ಕಾ, "ಅಮ್ಮ ಸಮುದ್ರದ ಆಚೆ ಉಳಿದುಬಿಟ್ಟಾಗ" ಅಂದಿರಲ್ಲ, ಅಲ್ಲೇ ನಿಂತುಬಿಟ್ಟೆ. ನನ್ನ ಮಗಳು ದೂರ ದೇಶದಲ್ಲಿದ್ದಾಳೆ. ಸಾರಿನ ಪುಡಿಯ ಅಳತೆ ಫೋನಿನಲ್ಲಿ ಕೇಳುತ್ತಾಳೆ. ಅವರಿಗೆ ಫೋನೂ ಇರಲಿಲ್ಲ.

ಒಗ್ಗರಣೆ

ಹೌದಮ್ಮ. ಆ ಸಂಕಟಕ್ಕೂ ಒಂದು ಪುಸ್ತಕ ಇತ್ತು. ಮೊರಾವಿಯಾದಲ್ಲಿ ಫ್ಯಾನಿ ನ್ಯೂಡಾ ಎಂಬ ರಬ್ಬಿಯ ಹೆಂಡತಿ ಇದ್ದಳು. ಗಂಡ ತೀರಿಕೊಂಡ ಮೇಲೆ, 1855ರಲ್ಲಿ, ಹೆಂಗಸರಿಗಾಗಿ ಜರ್ಮನ್ ಭಾಷೆಯಲ್ಲಿ ಪ್ರಾರ್ಥನೆಗಳ ಪುಸ್ತಕ ಬರೆದಳು. 1866ರಲ್ಲಿ ನ್ಯೂಯಾರ್ಕಿನಲ್ಲಿ ಅದರ ಇಂಗ್ಲಿಷ್ ಅನುವಾದ ಬಂತು. ಹೆರಿಗೆಗೆ ಮುಂಚೆ ಹೇಳುವ ಪ್ರಾರ್ಥನೆ ಇದೆ. ಗಂಡನ ಮನೆಯಲ್ಲಿ ಸುಖ ಇಲ್ಲದವಳ ಪ್ರಾರ್ಥನೆ ಇದೆ. ಮಗು ಪರದೇಶದಲ್ಲಿರುವ ತಾಯಿಯ ಪ್ರಾರ್ಥನೆಯೂ ಇದೆ.

ಗೂಡಂಗಡಿ

ನಾನು ಹೊಸಬ. ಒಂದು ಪ್ರಶ್ನೆ. ವಸ್ತು ಅಂದರೆ ಕೈಯಲ್ಲಿ ಹಿಡಿಯುವಂಥದೇ ಆಗಬೇಕಾ? ಕಟ್ಟಡ, ಬೆಂಚು ಇಂಥವೂ ಲೆಕ್ಕಕ್ಕೆ ಬರುತ್ತವಾ? ಸಿನಗಾಗ್‌ನಲ್ಲಿ ಹೆಂಗಸರು ಬೇರೆ ಕೂರುತ್ತಾರೆ ಅಂತ ಕೇಳಿದ್ದೆ.

ಇತಿಹಾಸದ ಮೇಷ್ಟ್ರು

ಖಂಡಿತ ಬರುತ್ತವೆ ತಮ್ಮ.

ಬಾಲ್ಟಿಮೋರ್‌ನಲ್ಲಿ ಲಾಯ್ಡ್ ಸ್ಟ್ರೀಟ್ ಸಿನಗಾಗ್ ಇದೆ, 1845ರದು. ಅದರ ನೆಲಮಾಳಿಗೆಯಲ್ಲಿ ಮಿಕ್ವೆ ಇದೆ. ಅಂದರೆ ಶುದ್ಧಿಸ್ನಾನದ ಕೊಳ. ಮದುವೆಗೆ ಮುಂಚೆ ಮತ್ತು ಮದುವೆಯಾದ ಮೇಲೆ ಪ್ರತಿ ತಿಂಗಳ ಮುಟ್ಟು ಕಳೆದ ಮೇಲೆ ಹೆಂಗಸರು ಅದರಲ್ಲಿ ಪೂರ್ತಿ ಮುಳುಗಿ ಏಳಬೇಕು. ಅದೇ ನೆಲಮಾಳಿಗೆಯಲ್ಲಿ ಪಾಸೋವರ್‌ನ ಹುಳಿಯಿಲ್ಲದ ರೊಟ್ಟಿ ಬೇಯಿಸುವ ಒಲೆಯೂ ಇದೆ. ಮೇಲೆ ಸಾಲಂಕೃತ ಪ್ರಾರ್ಥನಾ ಮಂದಿರ, ಕೆಳಗೆ ನೀರು ಮತ್ತು ಬೆಂಕಿ. ಪತ್ರಗಳಲ್ಲಿ ಮಿಕ್ವೆಯ ಬಗ್ಗೆ ಯಾರೂ ಬಾಯಿಬಿಟ್ಟು ಬರೆಯುತ್ತಿರಲಿಲ್ಲ. ನಾಚಿಕೆಯ ವಿಷಯ. ಕೊಳ ಮಾತ್ರ ಉಳಿದು ಮಾತಾಡುತ್ತಿದೆ.

ಇನ್ನು ಬೆಂಚಿನ ಕಥೆ. ಹಳೆಯ ಪದ್ಧತಿಯಲ್ಲಿ ಹೆಂಗಸರು ಮೇಲಿನ ಜಗಲಿಯಲ್ಲಿ ಕೂತು ಪ್ರಾರ್ಥನೆ ಕೇಳಬೇಕು. 1851ರಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ರಬ್ಬಿ ಐಸಾಕ್ ಮೇಯರ್ ವೈಸ್ ಅವರ ಹೊಸ ಸಭೆ ಒಂದು ಬ್ಯಾಪ್ಟಿಸ್ಟ್ ಚರ್ಚ್ ಕಟ್ಟಡವನ್ನು ಕೊಂಡಿತು. ಅಲ್ಲಿ ಕುಟುಂಬಗಳು ಒಟ್ಟಿಗೆ ಕೂರುವ ಬೆಂಚುಗಳು ಮೊದಲೇ ಇದ್ದವು. ಹಾಗೇ ಬಿಟ್ಟರು. ಗಂಡ ಹೆಂಡತಿ ಮಕ್ಕಳು ಪಕ್ಕಪಕ್ಕ ಕೂತರು. ಆಮೇಲೆ ಅದು ಎಷ್ಟೋ ಊರುಗಳಿಗೆ ಹರಡಿತು. ದೊಡ್ಡ ಧಾರ್ಮಿಕ ವಾದ ನಡೆದು ಆದದ್ದಲ್ಲ, ಮರದ ಬೆಂಚು ಇತ್ತು ಅಂತ ಆದದ್ದು.

ಡೆಲವೇರ್ ದಡದಾಕೆ

ಮೇಷ್ಟ್ರೇ, ಬೆಂಚಿನ ಕಥೆ ನನಗೆ ಗೊತ್ತೇ ಇರಲಿಲ್ಲ. ತುಂಬಾ ಥ್ಯಾಂಕ್ಸ್.

ಈ ಮಧ್ಯೆ ಯಹೂದಿ ಕವಯಿತ್ರಿ ಎಮ್ಮಾ ಲಾಜರಸ್ ಬಗ್ಗೆ ಒಂದಿಬ್ಬರು ನನಗೆ ಖಾಸಗಿಯಾಗಿ ಬರೆದು ಕೇಳಿದರು. ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಪೀಠದಲ್ಲಿ ಇರುವ ಪದ್ಯ ಅವರದೇ. 1883ರಲ್ಲಿ ಪೀಠ ಕಟ್ಟಲು ದುಡ್ಡು ಸೇರಿಸುವ ಹರಾಜಿಗೆ ಅಂತ ಬರೆದದ್ದು. 1886ರಲ್ಲಿ ಪ್ರತಿಮೆಯ ಉದ್ಘಾಟನೆ ಆದಾಗ ಆ ಪದ್ಯವನ್ನು ಯಾರೂ ಓದಲಿಲ್ಲ. ಮುಂದಿನ ವರ್ಷ ಅವರು ತೀರಿಕೊಂಡರು, ವಯಸ್ಸು 38. ಕಂಚಿನ ಫಲಕ ಹಾಕಿದ್ದು 1903ರಲ್ಲಿ, ಅದೂ ಗೆಳತಿ ಜಾರ್ಜಿನಾ ಸ್ಕೈಲರ್ ಪಟ್ಟು ಹಿಡಿದು ಓಡಾಡಿದ ಮೇಲೆ.

ಆದರೆ ನನಗೆ ಫಲಕಕ್ಕಿಂತ ಅವರ ನೋಟ್‌ಬುಕ್ ಮುಖ್ಯ. ಕಾಯಿಲೆ ಬಿದ್ದ ಕಾಲದಲ್ಲಿ ತಮ್ಮ ಪದ್ಯಗಳನ್ನು ಆಯ್ದು ಒಂದು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದಿಟ್ಟರು. ನ್ಯೂಯಾರ್ಕಿನ ಅಮೆರಿಕನ್ ಜ್ಯೂಯಿಷ್ ಹಿಸ್ಟಾರಿಕಲ್ ಸೊಸೈಟಿಯಲ್ಲಿ ಅದು ಇದೆ. ಮೊದಲ ಪುಟದಲ್ಲಿ ಇಟ್ಟದ್ದು ಆ ಪ್ರತಿಮೆಯ ಪದ್ಯವನ್ನೇ. ಊರು ಮರೆತಿದ್ದ ಪದ್ಯದ ಬೆಲೆ ಬರೆದವಳಿಗೆ ಗೊತ್ತಿತ್ತು.

ನೇರಮಾತು

ಒಪ್ಪಿದೆ. ಆದರೆ ಮತ್ತೆ ನಾವು ಅನುಕೂಲಸ್ಥರ ಮನೆಗೇ ಬಂದೆವು. ಲಾಜರಸ್ ಕೂಡ ಶ್ರೀಮಂತ ಮನೆಯವರು. ನೀವು ಮೊದಲು ಕೇಳಿದ್ದು "ಉಳಿದವರು?" ಅಂತ ಅಲ್ವಾ?

ರಷ್ಯಾದ ಕಡೆಯಿಂದ ಬಂದವರು ಏನು ತಂದರು ನೋಡಿ. ಶುಕ್ರವಾರ ಸಂಜೆ ಮೇಣದಬತ್ತಿ ಹಚ್ಚಿಡುವ ಹಿತ್ತಾಳೆಯ ಸ್ಟ್ಯಾಂಡು. ಹಿತ್ತಾಳೆಯ ಕುಟ್ಟಾಣಿ. ಚಹಾಕ್ಕೆ ನೀರು ಕಾಯಿಸುವ ಸಮೋವಾರ್. ಹಕ್ಕಿ ಪುಕ್ಕ ತುಂಬಿದ ಹಾಸಿಗೆ. ಹಡಗಿನ ಕೆಳಗಿನ ತಳದಲ್ಲಿ ಜನ ಒತ್ತೊತ್ತಾಗಿ ಮಲಗುವ ಜಾಗದಲ್ಲಿ ಅಷ್ಟು ದಪ್ಪ ಹಾಸಿಗೆ ಹೊತ್ತುಕೊಂಡು ಬಂದರು ಅಂದರೆ ಅದಕ್ಕೆ ಕಾರಣ ಇರಬೇಕು. ಎಷ್ಟೋ ಮನೆಗಳಲ್ಲಿ ಅದು ಮದುವೆಗೆ ಕೊಟ್ಟದ್ದು. ಚಳಿಗೆ ಬೇಕು, ಹೆರಿಗೆಗೆ ಬೇಕು. ಮೇಣದಬತ್ತಿ ಹಚ್ಚುವುದು ಮನೆಯೊಡತಿಯ ಕೆಲಸ. ಹಾಗಾಗಿ ಆ ಹಿತ್ತಾಳೆ ಸ್ಟ್ಯಾಂಡು ಅಮ್ಮನಿಂದ ಮಗಳಿಗೆ ಹೋಗುತ್ತಿತ್ತು. ಕಷ್ಟ ಬಂದಾಗ ಗಿರವಿಗೂ ಹೋಗುತ್ತಿತ್ತು.

ಗೂಡಂಗಡಿ

ಗಿರವಿಗೆ ಹೋಗಿ ವಾಪಸ್ ಬರದೆ ಇದ್ದವು ಎಷ್ಟೋ ಏನೋ. ಮ್ಯೂಸಿಯಂನಲ್ಲಿ ಇರುವವು ವಾಪಸ್ ಬಂದವು ಮಾತ್ರ.

ಡೆಲವೇರ್ ದಡದಾಕೆ

ಗೂಡಂಗಡಿ, ಎಂಥ ಮಾತು ಹೇಳಿದಿರಿ! ನೇರಮಾತು ಅವರ ಮಾತು ಮನಸ್ಸಿಗೆ ನಾಟಿ, ನಿನ್ನೆ ಬಸ್ಸು ಹತ್ತಿ ನ್ಯೂಯಾರ್ಕಿಗೆ ಹೋಗಿ ಬಂದೆ. ಆರ್ಚರ್ಡ್ ಬೀದಿ, 97ನೇ ನಂಬರ್. 1863ರಲ್ಲಿ ಕಟ್ಟಿದ ಬಾಡಿಗೆ ವಠಾರ. 1935ರ ತನಕ ಸುಮಾರು 7,000 ಜನ ಅಲ್ಲಿ ಬಾಳಿ ಹೋಗಿದ್ದಾರಂತೆ. ಈಗ ಅದು ಟೆನಮೆಂಟ್ ಮ್ಯೂಸಿಯಂ.

ಅಲ್ಲಿ ನಟಾಲಿ ಗುಂಪೆರ್ಟ್ಸ್ ಎಂಬ ಹೆಂಗಸಿನ ಮನೆ ಇದೆ. ಪ್ರಷ್ಯಾದಿಂದ ಬಂದ ಯಹೂದಿ. ಗಂಡ ಜೂಲಿಯಸ್ ಬೂಟಿನ ಹಿಮ್ಮಡಿ ಕತ್ತರಿಸುವ ಕೆಲಸದವನು. 1873ರಲ್ಲಿ ದೇಶಕ್ಕೆಲ್ಲ ದೊಡ್ಡ ಆರ್ಥಿಕ ಕುಸಿತ ಬಂತು. 1874ರ ಅಕ್ಟೋಬರ್‌ನಲ್ಲಿ ಒಂದು ದಿನ ಮನೆಯಿಂದ ಹೋದ ಗಂಡ ತಿರುಗಿ ಬರಲೇ ಇಲ್ಲ. ನಾಲ್ಕು ಮಕ್ಕಳು. ನಟಾಲಿ ಹೊಲಿಗೆಗೆ ಕೂತಳು. ಹೆಂಗಸರ ಉಡುಪು ಹೊಲಿಯುವ ದರ್ಜಿಯಾದಳು.

ಯಹೂದಿ ಧರ್ಮದ ನಿಯಮದಲ್ಲಿ ಇಂಥವಳ ಪಾಡು ಕಷ್ಟ. ಗಂಡ ವಿಚ್ಛೇದನ ಪತ್ರ ಕೊಡಬೇಕು, ಇಲ್ಲ ಸತ್ತದ್ದು ಖಚಿತ ಆಗಬೇಕು. ಎರಡೂ ಇಲ್ಲದಿದ್ದರೆ ಅವಳು ಮತ್ತೆ ಮದುವೆ ಆಗುವಂತಿಲ್ಲ. ಅತ್ತ ಹೆಂಡತಿಯೂ ಅಲ್ಲ, ಇತ್ತ ವಿಧವೆಯೂ ಅಲ್ಲ. ಆಮೇಲೆ ಮಾವ ತೀರಿಕೊಂಡ. ಮಗ ಜೂಲಿಯಸ್ ಹೆಸರಿಗೆ 600 ಡಾಲರ್ ಬಿಟ್ಟಿದ್ದ. ಆ ದುಡ್ಡು ಬರಬೇಕಾದರೆ ಗಂಡ ಸತ್ತ ಅಂತ ಕೋರ್ಟು ಹೇಳಬೇಕು. 1883ರಲ್ಲಿ ಅವಳು ಅರ್ಜಿ ಹಾಕಿದಳು, ಸಾಕ್ಷಿ ಹೇಳಿಸಿದಳು, ಆದೇಶ ತಂದಳು. ನೂರು ವರ್ಷ ದಾಟಿದ ಮೇಲೆ ಮ್ಯೂಸಿಯಂನವರಿಗೆ ಅವಳು ಸಿಕ್ಕಿದ್ದು ಇಂಥ ಸರ್ಕಾರಿ ಕಾಗದಗಳಿಂದ.

ಇದನ್ನು ಒತ್ತಿ ಹೇಳಬೇಕು. ಆ ಮನೆಯಲ್ಲಿ ಇಟ್ಟಿರುವ ಮೇಜು, ಪಾತ್ರೆ, ಹೊಲಿಗೆ ಮಷೀನು ಅವಳವಲ್ಲ. ಆ ಕಾಲದವನ್ನು ತಂದು ಜೋಡಿಸಿದ್ದಾರೆ. ಅವಳದ್ದು ಅಂತ ಉಳಿದದ್ದು ಕಾಗದ ಮತ್ತು ಗೋಡೆಗಳು. ಗ್ರಾಟ್ಜ್‌ಗೆ ಸಲ್ಲಿ ಬರೆದ ಚಿತ್ರ ಇದೆ. ನಟಾಲಿಗೆ ಕೋರ್ಟಿನ ಗುಮಾಸ್ತ ಬರೆದ ಕಾಗದ ಇದೆ.

ಸೂಜಿದಾರ

ಅಕ್ಕಾ, ಮಷೀನು ಎಲ್ಲಿ ಇಟ್ಟಿದ್ದಾರೆ? ಬೆಳಕು ಎಲ್ಲಿಂದ ಬರುತ್ತದೆ? ಹೊಲಿಯುವವರಿಗೆ ಅದೇ ಮೊದಲ ಪ್ರಶ್ನೆ.

ಡೆಲವೇರ್ ದಡದಾಕೆ

ನೀವು ಕೇಳುತ್ತೀರಿ ಅಂತ ಗೊತ್ತಿತ್ತು, ನೋಡಿಕೊಂಡೇ ಬಂದೆ.

ಮನೆ ಅಂದರೆ ಮೂರು ಕೋಣೆ, ಒಂದರ ಹಿಂದೆ ಒಂದು. ಒಟ್ಟು ಸೇರಿ ಸುಮಾರು 325 ಚದರಡಿ. ಮುಂದಿನ ಕೋಣೆ, ನಡುವೆ ಅಡುಗೆಮನೆ, ಹಿಂದೆ ಚಿಕ್ಕ ಮಲಗುವ ಕೋಣೆ. ಹೊರಗಿನ ಬೆಳಕು ಬರುವ ಕಿಟಕಿ ಇರುವುದು ಮುಂದಿನ ಕೋಣೆಗೆ ಮಾತ್ರ. ಒಳಗೋಡೆಗಳಲ್ಲಿ ಕಾಣುವ ಕಿಟಕಿಗಳನ್ನು ಕೊರೆದದ್ದು ಆಮೇಲಿನ ಕಾಲದಲ್ಲಿ. ನಟಾಲಿ ಇದ್ದಾಗ ನೀರನ್ನೂ ಹಿತ್ತಲಿನಿಂದ ಹೊತ್ತು ತರಬೇಕಿತ್ತು.

ಮಷೀನು ಮುಂದಿನ ಕೋಣೆಯಲ್ಲಿ ಇದೆ, ಕಿಟಕಿಯ ಹತ್ತಿರ. ನಾನು ಅದರ ಪಕ್ಕ ನಿಂತು ಅಡುಗೆಮನೆಯ ಕಡೆ ತಿರುಗಿ ನೋಡಿದೆ. ಮಧ್ಯಾಹ್ನ ಮೂರು ಗಂಟೆ. ಹೊರಗೆ ಒಳ್ಳೆ ಬಿಸಿಲು. ಒಲೆ ಇದ್ದ ಜಾಗ ಆಗಲೇ ಕತ್ತಲಾಗಿತ್ತು.